ಎರಡು ಸುತ್ತಿನ ನಡುಪಟ್ಟಿ

ಕುರಿಕೊಬ್ಬು ಹೀರಿದ ಚರ್ಮದ ವಾಸನೆ ಎಂದರೆ ಟೆವೆಲ್‌ಗೆ ಅಪ್ಪನೇ ಎದುರು ನಿಂತ ಹಾಗೆ. ಚಿಕ್ಕವನಿದ್ದಾಗ ಅಪ್ಪನ ಕುದುರೆಯ ಮೇಲೆ ಹಿಂದೆ ಕೂತು, ಅಪ್ಪನ ನಡುಪಟ್ಟಿಗೆ ಮೂಗೊತ್ತಿಕೊಂಡೇ ಅವನು ಅರ್ಧ ಹುಲ್ಲುಗಾವಲು ದಾಟಿದ್ದ. ಆ ವಾಸನೆಯ ಆಸೆಗೇ ಹಿಂದಿನ ಸಂಜೆ ತನ್ನ ನಡುಪಟ್ಟಿಗೆ ಧಾರಾಳವಾಗಿ ಕೊಬ್ಬು ತಿಕ್ಕಿ ಗುಡಾರದ ಹೊರಗೆ ನೇತುಹಾಕಿದ್ದ. ವಾಸನೆ ತನಗೆಷ್ಟು ಇಷ್ಟವೋ ತನ್ನ ನಾಯಿಗೂ ಅಷ್ಟೇ ಇಷ್ಟವೆಂಬುದು ಬೆಳಿಗ್ಗೆ ಗೊತ್ತಾಯಿತು.

ಬಾಗಿಲ ಕಂಬಳಿ ಸರಿಸಿದಾಗ ನಾಯಿ ಕೊನೆಯ ಗೇಣುದ್ದವನ್ನು ನುಂಗುತ್ತಿತ್ತು. ಪಟ್ಟಿಯ ಮೇಲಿದ್ದ ಐದು ಬೆಳ್ಳಿ ಬಿಲ್ಲೆಗಳೂ ಜೊತೆಗೇ ಹೋಗಿದ್ದವು. ಅದು ಬಾಲ ಅಲ್ಲಾಡಿಸಿದರೆ ಹೊಟ್ಟೆಯೊಳಗೆ ಕಿಣಿಕಿಣಿ ಎನ್ನುತ್ತಿತ್ತು.

"ಇವತ್ತೇ ಆಗ್ಬೇಕಿತ್ತಾ ಇದು?" ಹೆಂಡತಿ ಶಾರೊಲ್ತ್ ಹಣೆ ಚಚ್ಚಿಕೊಂಡಳು. "ಇವತ್ತು ಚಳಿಗಾಲದ ಜಾಗ ಹಂಚ್ತಾರೆ. ಯಾರ ಸೊಂಟದಲ್ಲಿ ಹೆಚ್ಚು ಬೆಳ್ಳಿನೋ ಅವರಿಗೆ ಮೊದಲು. ನೀವು ಬರಿ ಸೊಂಟ ತೋರಿಸ್ಕೊಂಡು ನಿಂತರೆ ಏನು ಕೊಡ್ತಾರೆ?"

ಏನು ಕೊಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಹೊಳೆಯ ತಿರುವಿನಲ್ಲಿ ಆಳೆತ್ತರದ ಜೊಂಡು ಬೆಳೆದು ಗಾಳಿಯೇ ನುಗ್ಗದ ಜಾಗವೊಂದಿತ್ತು. ಅದು ಯಾವಾಗಲೂ ಬೇರೆಯವರಿಗೆ. ಟೆವೆಲ್‌ಗೆ ಮೂರು ವರ್ಷದಿಂದಲೂ ಬೋಳು ದಿಬ್ಬ.

"ಹೋದ ವರ್ಷ ಗುಡಾರ ಹಾರಿಹೋಗತ್ತೆ ಅಂತ ನಾನು, ಮೂರು ಮಕ್ಕಳು ಒಂದೊಂದು ಮೂಲೆ ಹಿಡ್ಕೊಂಡು ನಿಂತಿದ್ವಿ. ಈ ಸಲಾನೂ ದಿಬ್ಬ ಅಂದ್ರೆ ನಾನು ಮಕ್ಕಳನ್ನ ಕರ್ಕೊಂಡು ನಮ್ಮಮ್ಮನ ಗುಡಾರಕ್ಕೆ ಹೋಗ್ತೀನಿ. ನೀವು ಗಾಳಿ ಜೊತೆ ಸಂಸಾರ ಮಾಡಿ."

ಟೆವೆಲ್ ಬೇರೊಂದು ನಡುಪಟ್ಟಿ ಹುಡುಕಲು ಹೊರಟ. ಆಗಲೇ ಅವನಿಗೆ ತಿಳಿದದ್ದು, ಗಂಡಸಿನ ಬದುಕೆಲ್ಲ ಆ ಒಂದು ಪಟ್ಟಿಗೆ ಜೋತುಬಿದ್ದಿದೆಯೆಂದು. ಎಡಗೈಯಲ್ಲಿ ನಿಲುವಂಗಿ ಬಿಚ್ಚಿಕೊಳ್ಳದಂತೆ ಹಿಡಿದ. ಬಲಗೈಗೆ ಬಿಲ್ಲಿನ ಚೀಲ ಬಂತು. ಚಕಮಕಿ ಕಲ್ಲಿನ ಸಂಚಿ ಕಂಕುಳಿಗೆ ಹೋಯಿತು. ಚೂರಿಗೆ ಜಾಗ ಉಳಿಯದೆ ಅದನ್ನು ಹಲ್ಲಲ್ಲಿ ಕಚ್ಚಿಕೊಂಡ.

ಪಕ್ಕದ ಗುಡಾರದ ಎನೇಹ್ ಅಜ್ಜಿ ಹಾಲು ಕಡೆಯುತ್ತಿದ್ದವಳು ಕಡೆಗೋಲನ್ನೇ ಎತ್ತಿಕೊಂಡಳು.

"ಅಯ್ಯಯ್ಯೋ, ಬಾಯಲ್ಲಿ ಚೂರಿ! ಯಾರನ್ನ ಕೊಲ್ಲೋಕೆ ಹೊರಟ್ಯೋ?"

"ಉಂ ಉಂ," ಎಂದ ಟೆವೆಲ್.

"ಹೆಸರು ಹೇಳೋಕೂ ಆಗದಷ್ಟು ಸಿಟ್ಟೇನೋ? ಲೇ ಹೆಂಗಸರಾ, ಮಕ್ಕಳನ್ನ ಒಳಗೆ ಹಾಕ್ಕೊಳ್ರೇ!"

ಗುಡಾರಗಳ ಬಾಗಿಲುಗಳು ಸಾಲಾಗಿ ಮುಚ್ಚಿದವು. ಮುಚ್ಚದಿದ್ದದ್ದು ಗೆಳೆಯ ಕೊಚಿದನದು ಮಾತ್ರ. ಅವನು ಸೊಂಟಕ್ಕೆ ಕುದುರೆಯ ಹಗ್ಗ ಸುತ್ತಿಕೊಂಡೇ ಓಡಾಡುವ ನಿಧಾನಿ. ಹತ್ತಿರ ಬಂದು ಮೊದಲು ಟೆವೆಲ್‌ನ ಬಾಯಿಂದ ಚೂರಿ ತೆಗೆದ.

"ಈಗ ಹೇಳಪ್ಪ."

ಟೆವೆಲ್ ಹೇಳಿದ. ಕೊಚಿದ್ ನಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ತನ್ನ ಅಪ್ಪನ ನಡುಪಟ್ಟಿ ತಂದ. ಹತ್ತೊಂಬತ್ತು ಬೆಳ್ಳಿ ಬಿಲ್ಲೆಗಳು!

"ಇಂಥದ್ದಿದ್ದೂ ಹಗ್ಗ ಕಟ್ತೀಯಲ್ಲೋ?"

"ಭಾರ ಕಣೋ, ಸೊಂಟ ನೋಯತ್ತೆ. ಅಪ್ಪ ಸತ್ತ ಮೇಲೆ ಯಾರೂ ಕಟ್ಟಿಲ್ಲ. ನಿಂಗೆ ಮಕ್ಕಳಿವೆ, ತಿರುವು ನಿಂಗೆ ಸಿಗ್ಲಿ. ನಾನು ಒಬ್ಬಂಟಿ, ಎಲ್ಲಾದ್ರೂ ಬಿದ್ಕೋತೀನಿ."

ಕೊಚಿದನ ಅಪ್ಪ ಕುದುರೆಯೇ ನಿಟ್ಟುಸಿರು ಬಿಡುವಷ್ಟು ದಪ್ಪಗಿದ್ದವನು. ಪಟ್ಟಿ ಟೆವೆಲ್‌ನ ಸುತ್ತ ಎರಡು ಸುತ್ತು ಬಂತು. ಬಿಸಿಲಿಗೆ ನಿಂತರೆ ಅವನು ಆಗತಾನೇ ಬೆಳಗಿದ ಕೊಪ್ಪರಿಗೆಯಂತೆ ಹೊಳೆಯುತ್ತಿದ್ದ.

ಕುಲದ ಯಜಮಾನ ಕೆವೆಯ ದೊಡ್ಡ ಗುಡಾರದಲ್ಲಿ ಅರವತ್ತು ಗಂಡಸರು ಕೂತಿದ್ದರು. ಟೆವೆಲ್ ಒಳಗೆ ಬಂದದ್ದೇ ಎಲ್ಲರ ಕಣ್ಣು ಅವನ ಸೊಂಟದ ಮೇಲೆ ಬಿತ್ತು.

"ಇಷ್ಟು ಬೆಳ್ಳಿ ಎಲ್ಲಿಂದ ಬಂತೋ ಟೆವೆಲ್?" ಯಜಮಾನ ಕೇಳಿದ.

ಎರವಲು ತಂದದ್ದೆಂದರೆ ತಿರುವು ಹೋಯಿತು. "ಅಜ್ಜನ ಕಾಲದ್ದು, ಯಜಮಾನ್ರೇ," ಎಂದುಬಿಟ್ಟ.

"ಹಾಗಾದ್ರೆ ಮೇಲೆ ಬಾ, ನನ್ನ ಪಕ್ಕ ಕೂತ್ಕೋ. ಮಾಂಸ ಹಂಚೋ ಮರ್ಯಾದೆ ಇವತ್ತು ನಿಂದು. ಹಂಚ್ತಾ ನಿಮ್ಮಜ್ಜನ ಕಥೆ ಹೇಳು."

ನಿಜಕ್ಕೂ ಟೆವೆಲ್‌ನ ಅಜ್ಜ ಉತ್ತರದ ಕಾಡಿನಲ್ಲಿ ಮೀನು ಹಿಡಿದುಕೊಂಡಿದ್ದವನು. ತೋಳ ಕಂಡರೆ ಮರ ಹತ್ತುತ್ತಿದ್ದ. ಆದರೆ ಸೊಂಟದ ಮೇಲೆ ಅಷ್ಟು ಬೆಳ್ಳಿಯಿದ್ದಾಗ ಬಾಯಲ್ಲಿ ಮೀನು ಬರುವುದಿಲ್ಲ.

"ನಮ್ಮಜ್ಜ ತೋಳದ ಹಿಂದೆ ಹೋಗಿ ಈ ಹುಲ್ಲುಗಾವಲು ಕಂಡ. ನಮ್ಮ ಹಗೆಗಳು ಪೆಚೆನೆಗ್ ಜನ, ಅವರ ದಂಡಿಗೆ ಒಬ್ಬನೇ ಎದುರು ನಿಂತ."

ಅತಿಥಿಯಾಗಿ ಬಂದಿದ್ದ ತುರ್ಕಿ ಕುಲದ ಮುದುಕ ಆಲ್ಪಾರ್ ನೆಟ್ಟಗಾದ. "ತೋಳವಾ? ತೋಳ ನಮ್ಮ ಮೂಲ ಕಣಯ್ಯಾ! ನಿಮ್ಮ ಮಗ್ಯಾರ್ ಕುಲದೋರನ್ನ ಈ ಹುಲ್ಲುಗಾವಲಿಗೆ ಕರ್ಕೊಂಡು ಬಂದಿದ್ದು ಜಿಂಕೆ ಅಲ್ವಾ?"

ಟೆವೆಲ್ ಬೆವರಿದ. "ಜಿಂಕೆ ಮುಂದಿತ್ತು ತಾತ. ಅದರ ಹಿಂದೆ ತೋಳ. ಅಜ್ಜ ಎಲ್ಲರಿಗಿಂತ ಹಿಂದೆ."

ಆಲ್ಪಾರ್ ಎದ್ದು ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ. "ಹಾಗಾದ್ರೆ ನೀನು ನಮ್ಮವನೇ! ಎಂಥಾ ವಂಶ!"

ಟೆವೆಲ್ ಅರವತ್ತು ಬಟ್ಟಲಿಗೆ ಮಾಂಸ ಕುಯ್ದು ಹಾಕಿದ. ಕೊನೆಗೆ ಅವನಿಗೆ ಉಳಿದದ್ದು ಎಲುಬು. ಹಸಿವನ್ನು ನುಂಗಿಕೊಂಡು, ಕಿವಿಯಲ್ಲಿ ಜೊಂಡಿನ ಸರಸರ ಕೇಳಿಸಿಕೊಳ್ಳುತ್ತ ಕೂತ.

ಯಜಮಾನ ಬಾಯಿ ಒರೆಸಿಕೊಂಡ. "ಕೇಳ್ರಪ್ಪಾ. ಪೆಚೆನೆಗ್‌ರು ದಿಬ್ಬದಾಚೆ ಗಡಿಗೆ ಬಂದು ಕೂತಿದ್ದಾರೆ. ಅದಕ್ಕೇ ಈ ಸಲ ಹಂಚಿಕೆ ತಿರುಗಾಮುರುಗಾ. ಬೆಳ್ಳಿ ಇರೋರ ಹತ್ರ ಕತ್ತಿನೂ ಇರತ್ತೆ. ಅವರು ಗಡಿಗೆ. ಏನೂ ಇಲ್ಲದೋರು ಹೊಳೆ ತಿರುವಿಗೆ. ದಿಬ್ಬದಾಚೆ, ಎಲ್ಲರಿಗಿಂತ ಮುಂದೆ, ನಮ್ಮ ಟೆವೆಲ್!"

"ಗಡಿಯಲ್ಲಿರೋ ನನ್ನ ಗುಡಾರದ ಪಕ್ಕದಲ್ಲೇ!" ಆಲ್ಪಾರ್ ತೊಡೆ ತಟ್ಟಿದ.

"ಯಜಮಾನ್ರೇ, ಇದು ನಂದಲ್ಲ!" ಟೆವೆಲ್ ಪಟ್ಟಿ ಬಿಚ್ಚಲು ಹೊರಟ. ಎರಡು ಸುತ್ತೂ ಒಂದರೊಳಗೊಂದು ಸಿಕ್ಕಿಕೊಂಡು ಇನ್ನೂ ಬಿಗಿಯಾಯಿತು.

"ನೋಡಿ, ಎಷ್ಟು ವಿನಯ," ಎಂದ ಆಲ್ಪಾರ್. "ದೊಡ್ಡ ಮನೆತನದೋರು ಹೀಗೇ."

ಬಾಗಿಲ ಬಳಿಯಿಂದ ಕೊಚಿದ್ ಎದ್ದು ನಿಂತ. "ನಿಜ ಯಜಮಾನ್ರೇ. ಅದು ನಮ್ಮಪ್ಪಂದು."

ಯಜಮಾನ ಅವನ ಸೊಂಟದ ಹಗ್ಗ ನೋಡಿದ. ಯಜಮಾನನ ಕಣ್ಣಲ್ಲಿ ನೀರೇ ಬಂತು. "ಗೆಳೆಯ ಗಡಿಗೆ ಹೋಗ್ಬಾರ್ದು ಅಂತ ಸುಳ್ಳು ಹೇಳ್ತಿದ್ದಾನೆ ಪಾಪ. ಸೊಂಟಕ್ಕೆ ಹಗ್ಗ, ಎದೇಲಿ ಚಿನ್ನ. ಹೊಳೆ ತಿರುವು ಈ ಕೊಚಿದನಿಗೇ!"

ಅರವತ್ತು ಜನ ಹೌದು ಹೌದೆಂದರು.

ಟೆವೆಲ್ ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಶಾರೊಲ್ತ್ ಅಮ್ಮನ ಗುಡಾರಕ್ಕೆ ಹೋಗಲು ಗಂಟು ಕಟ್ಟುತ್ತಿದ್ದಳು. ಅವನು ಹೊರಗೆ ಗಾಡಿಯ ನೊಗದ ಮೇಲೆ ಕೂತು, ಬಿಚ್ಚಲು ಬಾರದ ಬೆಳ್ಳಿಯನ್ನು ನೋಡಿಕೊಂಡ.

ಸ್ವಲ್ಪ ಹೊತ್ತಿಗೆ ಕೊಚಿದ್ ಬಂದು ಪಕ್ಕದಲ್ಲಿ ಕೂತ. ನಿಲುವಂಗಿಯೊಳಗಿಂದ, ದಾರಿಯುದ್ದಕ್ಕೂ ಎದೆಗೆ ಒತ್ತಿಟ್ಟುಕೊಂಡು ಬಂದಿದ್ದ ಬಟ್ಟಲನ್ನು ತೆಗೆದ. ತನ್ನ ಪಾಲಿನ ಮಾಂಸವನ್ನು ಅವನು ಮುಟ್ಟಿರಲಿಲ್ಲ. ಇನ್ನೂ ಬೆಚ್ಚಗಿತ್ತು. ಅದನ್ನು ಮೆಲ್ಲಗೆ ಟೆವೆಲ್‌ನ ಕೈಗಿಟ್ಟ.