ವಾಕ್‌ಮನ್ನಿನ ಕಾಕಾನ ಮಗ

ನನಗೆ ಸಂಗೀತದ ಹುಚ್ಚು ಇದೆ ಎಂದು ನಮ್ಮ ಓಣಿಯವರು ಈಗಲೂ ನಂಬಿದ್ದಾರೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ರೈಲು ಹತ್ತಿದ ನಮ್ಮ ಓಣಿಯ ಮೊದಲ ಹೆಂಗಸು ನಾನೇ ಆದ್ದರಿಂದ ಅವರ ನಂಬಿಕೆಯಲ್ಲಿ ತಪ್ಪೇನೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ರಾಗ ತಾಳ ಯಾವುದೂ ತಿಳಿಯದು. ಭೈರವಿ ಯಾವುದು, ಭೂಪ ಯಾವುದು ಎಂದು ಎದುರಿಗೆ ನಿಲ್ಲಿಸಿ ಪರಿಚಯ ಮಾಡಿಕೊಟ್ಟರೂ ಮರುದಿನ ಗುರುತು ಹಿಡಿಯಲಾರೆ. ನನಗೆ ಬೇಕಾಗಿದ್ದುದು ಹಾಡಲ್ಲ, ಯಾರೂ ನನ್ನನ್ನು ಮಾತಾಡಿಸದ ಸ್ವಲ್ಪ ಹೊತ್ತು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲವಾದ್ದರಿಂದ ಹಾಡಿನ ಯಂತ್ರ ಕೊಳ್ಳಬೇಕಾಯಿತು.

ಆಗಲೂ ನಾನು ಈಗಿನ ಹಾಗೆ ಬೆಳಗಾವಿಯಿಂದ ಖಾನಾಪುರದ ಪ್ರಾಥಮಿಕ ಶಾಲೆಗೆ ದಿನಾ ಹೋಗಿ ಬರುತ್ತಿದ್ದೆ. ಬೆಳಗ್ಗೆ ಎದ್ದ ಕೂಡಲೇ ಅತ್ತೆಯವರ ಕರೆ, ಅದು ಮುಗಿಯುವುದರೊಳಗೆ ಕಾಲುಚೀಲದ ಒಂದು ಕಾಲು ಸಿಗದ ಗಂಡನ ಕರೆ. ಶಾಲೆಗೆ ಹೋದರೆ ಮೂರನೇ ಇಯತ್ತೆಯ ಮಕ್ಕಳು. "ಅಕ್ಕೋರ, ಇವ ನನ್ನ ಪಾಟಿ ಒಡದಾನ್ರಿ." "ಅಕ್ಕೋರ, ಆಕಿ ನನ್ನ ನೋಡಿ ನಗತಾಳ್ರಿ." ಸಂಜೆ ಮನೆಗೆ ಬಂದ ಮೇಲೆ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದರೂ ನಾನು ಅಡುಗೆಮನೆಯಿಂದ "ಏನ?" ಎಂದು ಕೇಳುವ ಸ್ಥಿತಿಗೆ ಬಂದಿದ್ದೆ. ಮನೆ, ಶಾಲೆ ಇವೆರಡರ ನಡುವೆ ನನ್ನದು ಎನ್ನಬಹುದಾದದ್ದು ಬೆಳಗಿನ ರೈಲಿನ ಪ್ರಯಾಣ ಒಂದೇ. ಕಿಟಕಿ ಪಕ್ಕ ಕೂತು, ದೇಸೂರಿನ ಗದ್ದೆಗಳನ್ನು ನೋಡುತ್ತ, ಕಣ್ಣು ಮುಚ್ಚಿದರೆ ಮುಚ್ಚಿಕೊಂಡು ಹೋಗಬಹುದಾದ ಪ್ರಯಾಣ. ಆದರೆ ಆ ಪ್ರಯಾಣದಲ್ಲಿ ನನ್ನ ಬಾಜು ಕುಸುಮಕ್ಕ ಕೂಡುತ್ತಿದ್ದರು.

ಕುಸುಮಕ್ಕ ಖಾನಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಬಸದಿಯ ಹತ್ತಿರದ ಜೈನರ ಮನೆಯವರು. ತಂದೆ ತೀರಿಕೊಂಡ ಮೇಲೆ ತಂಗಿಯರ ಲಗ್ನ ಮಾಡುವ ಗಡಿಬಿಡಿಯಲ್ಲಿ ತನ್ನ ಲಗ್ನ ಮರೆತು ನಲವತ್ತು ದಾಟಿದ್ದರು. ದಿನವಿಡೀ ಇನ್ನೊಬ್ಬರ ಮಾತಿಗೆ ದಾರಿ ಮಾಡಿಕೊಟ್ಟು ತಾವು ಸುಮ್ಮನೆ ಕೂಡುವುದು ಅವರ ಕೆಲಸ. ಹಾಗೆ ಉಳಿದುಹೋದ ಮಾತೆಲ್ಲ ಮರುದಿನ ಬೆಳಗ್ಗೆ ನನ್ನ ಪಾಲಿಗೆ ಬರುತ್ತಿತ್ತು. ತಂಗಿಯ ಅತ್ತೆಯ ಮೊಣಕಾಲು ನೋವಿನಿಂದ ಹಿಡಿದು ನೆರೆಮನೆಯ ಬೆಕ್ಕಿನ ಬಾಣಂತನದವರೆಗೆ ಅವರಿಗೆ ತಿಳಿಯದ ಸಂಗತಿ ಇರಲಿಲ್ಲ. ಒಳ್ಳೆಯ ಹೆಂಗಸು. ತಮ್ಮ ಡಬ್ಬಿಯ ಚಪಾತಿಯಲ್ಲಿ ಅರ್ಧ ನನಗೆ ಕೊಡುತ್ತಿದ್ದರು. ಅಂಥವರಿಗೆ "ಸುಮ್ಮನಿರ್ರಿ" ಎನ್ನುವುದು ಹೇಗೆ?

ಅದೇ ಸಮಯಕ್ಕೆ ನಮ್ಮೂರಿಗೆ ವಾಕ್‌ಮನ್ ಎಂಬುದು ಬಂದಿತ್ತು. ಗೋವಾಕ್ಕೆ ಹೋಗಿ ಬಂದವರು, ದುಬೈಯ ನೆಂಟರಿದ್ದವರು ಸೊಂಟಕ್ಕೆ ಅದನ್ನು ಸಿಕ್ಕಿಸಿಕೊಂಡು ತಲೆ ಆಡಿಸುತ್ತ ಕ್ಯಾಂಪಿನ ಪೇಟೆಯಲ್ಲಿ ತಿರುಗಾಡುತ್ತಿದ್ದರು. ಅವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದನ್ನು ನಾನು ಗಮನಿಸಿದೆ. ಉಳಿದದ್ದೆಲ್ಲ ಅಲ್ಲಿಂದ ಶುರುವಾಯಿತು.

ಮನೆಯಲ್ಲಿ ವಿಷಯ ಎತ್ತಿದರೆ ಒಬ್ಬೊಬ್ಬರದು ಒಂದೊಂದು ಸಲಹೆ. ಅತ್ತೆಯವರಿಗೆ ಯಂತ್ರದ ತತ್ವವೇ ಹಿಡಿಸಲಿಲ್ಲ. "ಒಬ್ಬಾಕೀನ ಕೇಳೂದಂದ್ರ ಹೆಂಗವಾ? ಬಾಗಲಾ ಹಾಕ್ಕೊಂಡು ಹೋಳಿಗಿ ತಿಂದಂಗಾತು" ಎಂದರು. ನನ್ನ ಗಂಡ ಲೆಕ್ಕಪತ್ರ ನೋಡುವ ಮನುಷ್ಯ, ಒಂದು ವಸ್ತುವಿನಿಂದ ಎರಡು ಕೆಲಸ ಆಗದಿದ್ದರೆ ಅವರಿಗೆ ಸಮಾಧಾನವಿಲ್ಲ.

"ತಗೊಂಡ್ರ ಟೂ-ಇನ್-ಒನ್ ತಗೋ. ರೇಡಿಯೋನೂ ಆತು, ಟೇಪೂ ಆತು. ಮನಿಮಂದಿ ಎಲ್ಲಾ ಕೇಳಬಹುದು" ಎಂದರು.

"ರೈಲಿನ್ಯಾಗ?"

"ರೈಲಿನ ಮಂದೀನೂ ಕೇಳಲಿ."

ಕೊನೆಗೆ ಹಿರಿಯ ಭಾವನವರು ತಮ್ಮ ಹಳೆಯ ಪಾಕೆಟ್ ಟ್ರಾನ್ಸಿಸ್ಟರನ್ನು ದಾನ ಮಾಡಿದರು. ಅದಕ್ಕೆ ಒಂದೇ ಕಿವಿಗೆ ಇಟ್ಟುಕೊಳ್ಳುವ ಗುಂಡಿ ಇತ್ತು. ಒಂದು ಕಿವಿ ಮುಚ್ಚಿದರೆ ಅರ್ಧ ಶಾಂತಿಯಾದರೂ ಸಿಗುತ್ತದೆ ಎಂದುಕೊಂಡೆ. ರೈಲಿನ ಡಬ್ಬಿಯೊಳಗೆ ಅದು ಗಂಟಲು ಕಟ್ಟಿದವರ ಹಾಗೆ ಗೊರಗುಟ್ಟುತ್ತಿತ್ತು, ಇನ್ನೊಂದು ಕಿವಿ ಕುಸುಮಕ್ಕನ ವಶದಲ್ಲೇ ಉಳಿಯಿತು. ಸಾಲದ್ದಕ್ಕೆ ಆಗ ಕಿವಿಗೆ ಗುಂಡಿ ಇಟ್ಟುಕೊಂಡವರು ಕ್ರಿಕೆಟ್ ಕೇಳುತ್ತಿದ್ದಾರೆಂದೇ ಲೆಕ್ಕ. ಟಿಕೆಟ್ ನೋಡಲು ಬಂದವರು, ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವರು, ಗುರುತಿಲ್ಲದ ಗಂಡಸರು ಕಿಟಕಿಗೆ ಮುಖವಿಟ್ಟು "ಸ್ಕೋರ್ ಎಷ್ಟಾತ್ರಿ?" ಎನ್ನತೊಡಗಿದರು. ಮೊದಲು ನನ್ನನ್ನು ಒಬ್ಬರು ಮಾತಾಡಿಸುತ್ತಿದ್ದರು, ಈಗ ಊರೇ ಮಾತಾಡಿಸುತ್ತಿತ್ತು. ಟ್ರಾನ್ಸಿಸ್ಟರನ್ನು ಭಾವನವರಿಗೆ ಹಿಂದಿರುಗಿಸಿದೆ.

ಹೀಗೆ ಒಂದು ಶನಿವಾರ ಕ್ಯಾಂಪಿನ ಅಂಗಡಿಯ ಮೆಟ್ಟಿಲು ಹತ್ತಿದೆ. ಅಂಗಡಿಯ ಮಾಲೀಕರು ವಯಸ್ಸಾದ ಸಾಹೇಬರು. ನಾನು ವಾಕ್‌ಮನ್ ಎಂದ ಕೂಡಲೇ ಕನಿಕರದಿಂದ ನೋಡಿ, "ಅಸಲಿ ಮಾಲು ಇಲ್ರಿ ಬಾಯಿ. ಬಂದ ದಿನಾನ ಹೋಗತೈತಿ. ಇದನ್ನ ನೋಡ್ರಿ, ಅದರ ತಮ್ಮ ಅಂತ ತಿಳ್ಕೋರಿ" ಎಂದು ಕಪಾಟಿನಿಂದ ಒಂದು ಕಪ್ಪು ಡಬ್ಬಿ ತೆಗೆದರು.

"ಸ್ವಂತ ತಮ್ಮನೇನ್ರಿ?"

ಸಾಹೇಬರು ಸುಳ್ಳು ಹೇಳುವವರಲ್ಲ. ಸ್ವಲ್ಪ ಯೋಚಿಸಿ "ಕಾಕಾನ ಮಗ" ಎಂದರು.

ಕಾಕಾನ ಮಗ ಮಕ್ಕಳ ಊಟದ ಡಬ್ಬಿಯಷ್ಟು ದಪ್ಪಗಿದ್ದ. ಅವನಿಗೆ ಹಾಡನ್ನು ಮುಂದೆ ಓಡಿಸುವುದು ಗೊತ್ತಿತ್ತು, ಹಿಂದೆ ತರುವುದು ಗೊತ್ತಿರಲಿಲ್ಲ. ಅದಕ್ಕೆ ಕ್ಯಾಸೆಟ್ ಹೊರಗೆ ತೆಗೆದು, ತೂತಿನೊಳಗೆ ಪೆನ್ಸಿಲ್ ಹಾಕಿ ತಿರುಗಿಸಬೇಕು. ತಯಾರಿಸಿದ ಊರಿನ ಹೆಸರು ಎಲ್ಲೂ ಬರೆದಿರಲಿಲ್ಲ. ಆದರೆ ಎರಡೂ ಕಿವಿ ಮುಚ್ಚುವ ಸ್ಪಂಜಿನ ಗುಂಡಿಗಳಿದ್ದವು. ನಾನು ನೋಡಿದ್ದು ಅದೊಂದನ್ನೇ. ಸಾಹೇಬರು ಮರಾಠಿ ನಾಟ್ಯಗೀತೆಗಳ ಒಂದು ಕ್ಯಾಸೆಟ್ಟನ್ನು ಪುಕ್ಕಟೆ ಕೊಟ್ಟು ಬೀಳ್ಕೊಟ್ಟರು.

ಸೋಮವಾರ ರೈಲು ಹತ್ತಿ ಕುಳಿತು ಎರಡೂ ಕಿವಿಗೆ ಗುಂಡಿ ಏರಿಸಿದೆ. ಕುಸುಮಕ್ಕ ಅಂದು ಏನೋ ವಿಶೇಷ ಹೇಳುವವರ ಹಾಗೆ ಸೆರಗು ಸರಿಮಾಡಿಕೊಂಡು ಹತ್ತಿರ ಸರಿದಿದ್ದರು. ತಂತಿ ನೋಡಿ ಅರ್ಧಕ್ಕೆ ನಿಂತರು.

"ಕಿವಿ ನೂಸತಾವೇನ್ರಿ ಅಕ್ಕೋರ?"

"ಇಲ್ರಿ, ಹಾಡು."

"ಹೌದೇನು. ಕೇಳ್ರಿ, ಕೇಳ್ರಿ" ಎಂದು ಆ ಕಡೆ ತಿರುಗಿದರು. ನನಗೆ ಮನಸ್ಸಿನಲ್ಲಿ ಒಂದಿಷ್ಟು ಚುರುಕ್ಕೆಂದಿತು. ಆದರೆ ಇದಲಹೊಂಡ ಬರುವುದರೊಳಗೆ ನಿದ್ದೆ ಹತ್ತಿದ್ದರಿಂದ ಹೆಚ್ಚು ಹೊತ್ತು ನೊಂದುಕೊಳ್ಳಲಾಗಲಿಲ್ಲ.

ಆ ಕಡೆ ಕೂಡುತ್ತಿದ್ದವಳು ಲಕ್ಷ್ಮೀಬಾಯಿ. ನಸುಕಿನಲ್ಲೇ ಬೆಳಗಾವಿಗೆ ಬಂದು ಮೊಸರು ಮಾರಿ, ಖಾಲಿ ಗಡಿಗೆಗಳೊಂದಿಗೆ ಖಾನಾಪುರಕ್ಕೆ ಮರಳುವ ಮುದುಕಿ. ಮನೆಮಾತು ಮರಾಠಿ, ಕನ್ನಡ ಅರ್ಧ ತಿಳಿಯುತ್ತಿತ್ತು. ಹೇಳಿದ್ದಕ್ಕೆಲ್ಲ "ಮಗ್?" ಎನ್ನುತ್ತಿದ್ದಳು. ಆಮೇಲೆ ಏನಾಯಿತು ಎಂದು ಅದರ ಅರ್ಥ. ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ಕೇಳುಗರು ಬೇಕಿಲ್ಲ.

ಕಾಕಾನ ಮಗನ ಹೊಟ್ಟೆ ದೊಡ್ಡದು, ಸೆಲ್ಲು ಹಾಕಿದಷ್ಟೂ ನುಂಗುತ್ತಿದ್ದ. ಶಕ್ತಿ ಕುಂದಿದಂತೆ ಹಾಡುವ ಹೆಂಗಸು ಗಂಡಸಾಗಿ, ಗಂಡಸು ಕೋಣನಾಗಿ, ಕೋಣ ಮಲಗಿಬಿಡುತ್ತಿತ್ತು. ಒಂದು ಬೆಳಗ್ಗೆ ರೈಲು ಹೊರಟ ಸ್ವಲ್ಪ ಹೊತ್ತಿಗೇ ಕೋಣ ಮಲಗಿತು. ಗುಂಡಿ ತೆಗೆದರೆ ಮಾತಿಗೆ ಸಿಕ್ಕಿಬೀಳುತ್ತೇನೆಂದು ಹಾಗೇ ಕುಳಿತೆ. ಆಗ ಸ್ಪಂಜಿನ ಸಂದಿಯಿಂದ ಕುಸುಮಕ್ಕನ ಮಾತು ಒಳಗೆ ಬಂತು.

"ಲೋಂಡಾದವರು ನಿನ್ನೀನೂ ಫೋನ್ ಮಾಡಿದ್ರು."

"ಮಗ್?"

ಲೋಂಡಾದವರೆಂದರೆ ಅಲ್ಲಿನ ಕಟ್ಟಿಗೆ ಡಿಪೋದ ಮ್ಯಾನೇಜರು, ಹೆಂಡತಿ ತೀರಿಹೋದವರು ಎಂದು ಮಾತಿನ ನಡುವೆ ತಿಳಿಯಿತು. ಹೆಸರನ್ನು ಮಾತ್ರ ಕುಸುಮಕ್ಕ ಹೇಳಲಿಲ್ಲ. ಆತ ದಿನಾ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರಂತೆ. ಲೈನು ಸಿಗುವವರೆಗೆ "ಊಟಾತ್ರೇನು?" ಎಂದು ಕೇಳುವುದು, ಇವರು "ಲೈನ್ ಬಿಜಿ ಐತ್ರಿ" ಎನ್ನುವುದು. ಹೀಗೇ ನಡೆದು, ನಿನ್ನೆ ಇವರು "ಯಾವ ನಂಬರ್ ಬೇಕ್ರಿ?" ಎಂದರೆ ಆತ "ನಂಬರ್ ಯಾವುದೂ ಇಲ್ರಿ, ನಿಮ್ಮ ಜೋಡಿ ಮಾತಾಡೂಣಂತ ಹಚ್ಚೇನಿ" ಎಂದರಂತೆ.

ನನ್ನ ನಿದ್ದೆ ಹಾರಿಹೋಯಿತು. ಮುಖ ಕಿಟಕಿಯ ಕಡೆ ತಿರುಗಿಸಿ, ಹಾಡಿಗೆ ತಾಳ ಹಾಕುವವಳಂತೆ ಮೊಣಕಾಲ ಮೇಲೆ ಬೆರಳು ಬಡಿಯುತ್ತ ಕುಳಿತೆ. ಅಂದು ಸಂಜೆ ಸೆಲ್ಲು ಕೊಳ್ಳಲಿಲ್ಲ, ಮರುದಿನವೂ ಕೊಳ್ಳಲಿಲ್ಲ. ಬೆಳಗಾದರೆ ಸತ್ತ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಗೆ ಗುಂಡಿ ಸಿಕ್ಕಿಸಿ, ಲೋಂಡಾದ ಸುದ್ದಿಗೆ ಕಾಯುತ್ತಿದ್ದೆ. ನಡುನಡುವೆ "ಮಗ್?" ಎನ್ನಬೇಕಾದ ಕಡೆ ಲಕ್ಷ್ಮೀಬಾಯಿ ತೂಕಡಿಸಿದರೆ ಅವಳನ್ನು ಚಿವುಟಬೇಕೆನ್ನಿಸುತ್ತಿತ್ತು.

ಕೊನೆಗೆ ಲೋಂಡಾದವರು, ಭಾನುವಾರ ಹಲಸಿಯ ಗುಡಿಗೆ ಬರುತ್ತೇನೆ, ನೀವೂ ಬನ್ನಿ, ಒಮ್ಮೆ ನೋಡೋಣ ಎಂದರು. ಇದನ್ನು ಹೇಳುವಾಗ ಕುಸುಮಕ್ಕನ ದನಿ ಇಳಿದಿತ್ತು.

"ನಾ ಹೋಗಂಗಿಲ್ಲ ಲಕ್ಷ್ಮೀಬಾಯಿ. ಅವರು ಕೇಳಿದ್ದು ಬರೇ ಧ್ವನಿ. ಧ್ವನಿಗೇನು ವಯಸ್ಸಾಗತೈತಿ? ಮಾರಿ ನೋಡಿದ್ರ ಅವರಿಗೆ ಹೆಂಗ ಆಗಬ್ಯಾಡ. ನಾಳೆಯಿಂದ ಬ್ಯಾರೆ ಪಾಳಿ ಹಾಕಿಸ್ಕೊಂಡುಬಿಡತೇನಿ."

ಲಕ್ಷ್ಮೀಬಾಯಿ "ಮಗ್?" ಎಂದಳು. ಕಿಟಕಿಯ ಗಾಜಿನಲ್ಲಿ ನೋಡಿದೆ, ಕುಸುಮಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹೋಗ್ರಿ ಕುಸುಮಕ್ಕ. ಅವರ ಮಾರಿ ನೀವೂ ನೋಡಿಲ್ಲ. ಅಂಜಿಕಿ ಅವರಿಗೂ ಇರತೈತಿ" ಎಂದುಬಿಟ್ಟೆ.

ರೈಲಿನ ಡಬ್ಬಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗುಂಡಿಗಳು ಇನ್ನೂ ಕಿವಿಯಲ್ಲೇ ಇದ್ದವು. ಕುಸುಮಕ್ಕ ಗಾಬರಿಯಾಗಲಿಲ್ಲ. ಸಾವಕಾಶ ಮೂಗು ಒರೆಸಿಕೊಂಡು ಕೇಳಿದರು, "ಇದು ಯಾವ ಹಾಡಿನ್ಯಾಗ ಬಂತ್ರಿ ಅಕ್ಕೋರ?"

ನಾನು ಗಡಿಬಿಡಿಯಿಂದ ಗುಂಡಿಗಳನ್ನು ಕಿತ್ತೆ. ಅವರು ಯಂತ್ರದ ಪುಟ್ಟ ಕಿಟಕಿಯ ಮೇಲೆ ಬೆರಳಿಟ್ಟರು.

"ಇದರ ಗಾಲಿ ತಿರುಗೂದು ನಿಂತಾಗಿಂದ ನೋಡಾಕತ್ತೇನಿ. ಲಕ್ಷ್ಮೀಬಾಯಿಗೆ ಅರ್ಧಾ ಕನ್ನಡ ತಿಳಿಯಂಗಿಲ್ಲ. ನಾ ಅಷ್ಟು ಜೋರಾಗಿ ಯಾರಿಗೆ ಹೇಳಾಕತ್ತಿದ್ದೆ ಅಂತ ತಿಳಿದಿದ್ರಿ? ಮಾರಿಗೆ ಮಾರಿ ಕೊಟ್ಟು ಹೇಳಾಕ ನಾಚಿಕಿ ಬರತಿತ್ತು. ಕೇಳದಂಗ ಕುಂತವರಿಗೆ ಹೇಳೂದು ಹಗರ" ಎಂದರು. ಆಮೇಲೆ, "ಭಾನುವಾರ ನೀವು ಬರ್ತೀರೇನು ಜೋಡಿಗೆ?" ಎಂದು ಕೇಳಿದರು.

ವಾರದಲ್ಲಿ ಒಂದೇ ದಿನ ಸಿಗುವ ರಜೆ. ಹೋದೆ. ನಂದಗಡದ ಮೇಲಿಂದ ಹೋಗುವ ಬಸ್ಸಿನಲ್ಲಿ ಕುಸುಮಕ್ಕ ಒಂದು ಮಾತೂ ಆಡಲಿಲ್ಲ. ನನಗೆ ಬೇಕಾಗಿದ್ದ ಮೌನ ಅಂದು ಸಿಕ್ಕಿತು, ಆದರೆ ಹೆದರಿಕೆಯಲ್ಲಿ ಅದನ್ನು ಅನುಭವಿಸಲಾಗಲಿಲ್ಲ.

ಲೋಂಡಾದವರು ಮೊದಲೇ ಬಂದು ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಕುಳ್ಳಗಿನ, ತಲೆಗೂದಲು ತೆಳುವಾದ ಮನುಷ್ಯ. ಹೊಸ ಅಂಗಿಯ ಮಡಿಕೆಗಳು ಇನ್ನೂ ಮಾಸಿರಲಿಲ್ಲ. ಕುಸುಮಕ್ಕನನ್ನು ನೋಡಿ ಎದ್ದು ನಿಂತರು, ಕೈಮುಗಿದರು, ಬಾಯಿ ತೆರೆದರು. ಮಾತು ಬರಲಿಲ್ಲ. ಇವರಿಗೂ ಬರಲಿಲ್ಲ. ಇಬ್ಬರೂ ಹಾಗೆ ನಿಂತದ್ದು ನೋಡಿ ನನಗೇ ಬೆವರು ಬಂತು. ಆಗ ಆತ ನಿಧಾನಕ್ಕೆ ಬೆನ್ನು ತಿರುಗಿಸಿ, ಎದುರಿನ ಕಲ್ಲಿನ ಕಂಬ ನೋಡುತ್ತ ಕೇಳಿದರು.

"ಹಲೋ, ಖಾನಾಪುರ?"

ಕುಸುಮಕ್ಕ ನೆಲ ನೋಡುತ್ತ ಹೇಳಿದರು, "ಹೇಳ್ರಿ ಲೋಂಡಾ."

"ಧ್ವನಿ ಸ್ವಚ್ಛ ಕೇಳತೈತೇನ್ರಿ?"

"ಭಾಳ ಸ್ವಚ್ಛ ಕೇಳತೈತಿ."

ನಾನು ಮೆಲ್ಲಗೆ ಗುಡಿಯ ಹಿಂಭಾಗಕ್ಕೆ ಹೋದೆ. ಕದ್ದು ಕೇಳಬಾರದೆಂಬ ಬುದ್ಧಿ ಬಂದಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅಲ್ಲಿಂದ ಏನೂ ಕೇಳಿಸುವುದಿಲ್ಲ ಎನ್ನುವುದು ಹೋಗಿ ನಿಂತ ಮೇಲೆ ಗೊತ್ತಾಯಿತು.

ಮುಂದಿನ ಲಗ್ನದ ಹಂಗಾಮಿನಲ್ಲೇ ಅವರ ಮದುವೆ ಬಸದಿಯಲ್ಲಿ ಸರಳವಾಗಿ ನಡೆಯಿತು. ಅಲ್ಲಿಯವರೆಗೆ ಸೀರೆಯ ಅಂಚು, ಲೋಂಡಾದ ಮನೆಯ ಬಾವಿ, ಅವರು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆ, ಎಲ್ಲವನ್ನೂ ಎರಡೂ ಕಿವಿ ಬಿಚ್ಚಿ ಕೇಳಿ ನಾನು ಸುಸ್ತಾಗಿದ್ದೆ. ಕುಸುಮಕ್ಕ ಲೋಂಡಾಕ್ಕೇ ಬದಲಿ ಮಾಡಿಸಿಕೊಂಡು ಹೋದರು. ಯಂತ್ರ ಅತ್ತೆಯವರ ಪಾಲಾಯಿತು. ಅವರು ಅದನ್ನು ಹಾಕಿಕೊಂಡು ಅಕ್ಕಿ ಆರಿಸುತ್ತಾರೆ, ತಾವು ಜೊತೆಗೆ ಹಾಡುತ್ತಿರುವುದು ಅವರಿಗೆ ಗೊತ್ತಿಲ್ಲ. ನಮಗೆಲ್ಲ ಗೊತ್ತಿದೆ.

ಕುಸುಮಕ್ಕನ ಜಾಗದಲ್ಲಿ ಈಗ ನೆಹರು ನಗರದಿಂದ ಬರುವ ಬ್ಯಾಂಕಿನ ಹುಡುಗಿ ಕೂಡುತ್ತಾಳೆ. ಬಲು ಶಾಂತ. ಪುಸ್ತಕ ತೆರೆದರೆ ಖಾನಾಪುರದಲ್ಲೇ ಮುಚ್ಚುವುದು. ಇಂಥವಳಿಗಾಗಿ ನಾನು ವರ್ಷಗಟ್ಟಲೆ ಹಂಬಲಿಸಿದ್ದೆ. ಮೊನ್ನೆ ಸುಮ್ಮನೆ ಊರು ಯಾವುದೆಂದು ಕೇಳಿದೆ, ಹೇಳಿದಳು. ಹಾಗೇ ಮಾತಿಗೆ ಮಾತು ಬಂದು ಲೋಂಡಾದವರ ಕಥೆ ಹೇಳಿದೆ, ನಮ್ಮ ಅತ್ತೆಯವರ ಹಾಡು, ಶಾಲೆಯ ಸುದ್ದಿ, ಭಾವನವರ ಟ್ರಾನ್ಸಿಸ್ಟರು, ಖಾನಾಪುರ ಬಂದದ್ದೇ ತಿಳಿಯಲಿಲ್ಲ. ಮರುದಿನ ಆ ಹುಡುಗಿ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಳು.

"ನೆಗಡ್ಯಾಗೇತೇನವಾ?" ಎಂದೆ.

"ಹೂಂರಿ ಅಕ್ಕೋರ."

ಪಾಪ, ಇಂಥ ಬಿಸಿಲಿನಲ್ಲಿ ನೆಗಡಿ. ಅವಳಿಗೆ ಕೇಳಿಸಲೆಂದು ನಾನು ಸ್ವಲ್ಪ ಜೋರಾಗಿ ಮಾತಾಡತೊಡಗಿದೆ.