ಮಾರುವ ಮನೆಗೆ ಸುಣ್ಣ

ನಮ್ಮ ಮಂದಿಯ ಪ್ರೀತಿ ಬಹಳ ವಿಚಿತ್ರವಾದದ್ದು. ಮನೆಯಲ್ಲಿ ಇರುವಷ್ಟು ದಿನ ಗೋಡೆಯ ಮಣ್ಣು ಉದುರಿ ತಾಟಿನಲ್ಲಿ ಬಿದ್ದರೂ ಬೆರಳಿನಿಂದ ಆಚೆ ತಳ್ಳಿ ರೊಟ್ಟಿ ಮುರಿಯುತ್ತೇವೆ. ಅದೇ ಮನೆಯನ್ನು ಮಾರಬೇಕು ಅಂತಾದ ಕೂಡಲೇ ಎಲ್ಲಿಲ್ಲದ ಮಮಕಾರ ಉಕ್ಕಿ ಬರುತ್ತದೆ. ತೇಪೆ ಹಚ್ಚುತ್ತೇವೆ, ಬಣ್ಣ ಬಳಿಯುತ್ತೇವೆ, ಬಾಗಿಲಿಗೆ ಎಣ್ಣೆ ಒರೆಸುತ್ತೇವೆ. ಬೇರೆಯವರ ಮಾತು ಇರಲಿ, ಸಾಲಿ ಮಾಸ್ತರನಾಗಿ ನಾಲ್ಕು ಮಂದಿಗೆ ಬುದ್ಧಿ ಹೇಳುವ ನಾನೇ ಒಂದು ಬೇಸಿಗೆ ಸೂಟಿಯನ್ನೆಲ್ಲ ಈ ಕೆಲಸದಲ್ಲಿ ಕಳೆದಿದ್ದೇನೆ.

ಹುಕ್ಕೇರಿಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ವಾಡೆಯೊಂದಿತ್ತು. ಕೆಳಗೆ ಕರಿಕಲ್ಲು, ಮೇಲೆ ಮೊಳದಗಲದ ಮಣ್ಣಿನ ಗೋಡೆ, ಆನೆ ನುಗ್ಗುವಂಥ ಬಾಗಿಲು, ಬಾಗಿಲ ಎರಡೂ ಬಾಜೂ ಕಟ್ಟೆ. ಯಾವುದೋ ದೇಸಾಯಿಯವರು ಆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿದ್ದರಂತೆ. ನಮ್ಮ ಮನೆತನದ ಇತಿಹಾಸ ಅಲ್ಲಿಗೆ ಮುಗಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಅದರಲ್ಲಿ ಉಳಿದವಳು ನಮ್ಮ ಅಕ್ಕ ಕಾಶವ್ವ ಒಬ್ಬಳೇ. ಅಣ್ಣನದು ಮೂಡಲಗಿಯಲ್ಲಿ ಕಿರಾಣಿ ಅಂಗಡಿ, ನನಗೆ ಗೋಕಾಕದಲ್ಲಿ ನೌಕರಿ. ವಾಡೆ ಮಾರುವುದು, ಅಕ್ಕ ನನ್ನ ಕಡೆ ಬಂದಿರುವುದು ಅಂತ ನಾವು ಅಣ್ಣ ತಮ್ಮ ನಿಶ್ಚಯ ಮಾಡಿದೆವು. ಅಕ್ಕನನ್ನು ಕೇಳಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ನಿಶ್ಚಯ ಆದ ಮೇಲೆ ಕೇಳಿದೆವು.

ದಲಾಲ ಬಾಳಪ್ಪ ಆ ಊರಿನಲ್ಲಿ ಎತ್ತು, ಮನೆ, ವರ ಮೂರನ್ನೂ ಕುದುರಿಸುವವ. ಮೂರಕ್ಕೂ ಅವನದು ಒಂದೇ ಸಲಹೆ. “ಒಳಗಿನ ಸುದ್ದಿ ಬಿಡ್ರಿ ಮಾಸ್ತರ. ಗಿರಾಕಿ ಮೊದ್ಲ ನೋಡೂದು ಮಾರಿ. ಮಾರಿ ಒಂದ್ ಚಂದ ಮಾಡ್ರಿ, ಮುಂದಿಂದು ನಾ ನೋಡ್ಕೋತೇನಿ.”

ಸರಿ, ಪೀಪಾಯಿಯಲ್ಲಿ ಸುಣ್ಣ ನೆನೆಹಾಕಿದೆ. ಆಳು ಹಚ್ಚಿದರೆ ಸುಮ್ಮನೆ ಖರ್ಚು ಅಂತ ನಾನೇ ನಿಚ್ಚಣಿಕೆ ಏರಿದೆ. ಅರ್ಧ ಸುಣ್ಣ ಗೋಡೆಗೆ, ಅರ್ಧ ನನ್ನ ತಲೆಗೆ. ಕೆಳಗೆ ಹುರಮಂಜಿನ ಕೆಂಪು ಪಟ್ಟಿ ಎಳೆದೆ. ಅದು ಬಾಗಿಲಿನಿಂದ ನೆಟ್ಟಗೆ ಹೊರಟು ಮೂಲೆ ಮುಟ್ಟುವಷ್ಟರಲ್ಲಿ ಗುಡ್ಡ ಹತ್ತಿತ್ತು. ಚೌಕಟ್ಟಿನ ಮೇಲಿನ ಕಟ್ಟಿಗೆಯ ಗಿಳಿಗಳಲ್ಲಿ ಒಂದರ ಕೊಕ್ಕು ಮುರಿದಿತ್ತು. ಅರಗಿನಿಂದ ಹೊಸ ಕೊಕ್ಕು ಕೂರಿಸಿದೆ. ಅದು ಸೊಟ್ಟಗಾಗಿ ಗಿಳಿ ನಮ್ಮ ಹೆಡ್ ಮಾಸ್ತರರ ಹಾಗೆ ನನ್ನ ಕೆಲಸವನ್ನೇ ವಾರೆಗಣ್ಣಿನಿಂದ ನೋಡತೊಡಗಿತು.

ಅಷ್ಟರಲ್ಲಿ ಎದುರು ಮನೆಯ ನೀಲವ್ವ ಮೊರದ ತುಂಬ ಅರಿಷಿಣ ಕೊಂಬು ಹಿಡಿದುಕೊಂಡು ಬಂದಳು. “ಏನ್ರಿ ಮಾಸ್ತರ, ಬಾಯಿ ಬಿಡವಲ್ರಿ! ಬೀಗರು ಯಾ ಊರಾವ್ರು?”

“ಯಾ ಬೀಗರು ನೀಲವ್ವಾ?”

“ಅಯ್ಯ, ಮುಚ್ಚಿಡೂದ ನೋಡ್ರಿ! ಗ್ವಾಡಿಗೆ ಸುಣ್ಣ ಹತ್ತೇತಿ, ಬಾಳಪ್ಪ ದಿನಾ ಬರಾಕತ್ತಾನ. ನಮಗೇನ್ ಕಣ್ಣಿಲ್ಲೇನ್ರಿ?”

ಆಗ ನನಗೆ ನೆನಪಾಯಿತು. ನಾನು ಇನ್ನೂ ಕನ್ನಡ ಸಾಲಿಗೆ ಹೋಗುತ್ತಿದ್ದಾಗ ಅಕ್ಕನಿಗೆ ಮೇಲವಂಕಿಯ ಒಂದು ಸಂಬಂಧ ಕೂಡಿಬಂದಿತ್ತು. ಮದುವೆಗೆಂದು ಸುಣ್ಣ ನೆನೆದು ತಯಾರಿತ್ತು. ಹುಡುಗಿ ಒಂದು ಕಾಲು ಎಳೆದು ಹಾಕುತ್ತಾಳೆ ಅಂತ ಗಂಡಿನವರು ಹಿಂದೆ ಸರಿದರು. ಅಪ್ಪ ಆ ಸುಣ್ಣವನ್ನು ಗಟಾರಕ್ಕೆ ಸುರುವಿ, ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಹೇಳಿದ್ದ: “ಇನ್ನ ಈ ಗ್ವಾಡಿಗೆ ಸುಣ್ಣ ಹತ್ತಿದ್ರ ನಮ್ಮ ಕಾಶಿ ಮದಿವಿಗೇ ಹತ್ತೂದು!” ಆಮೇಲೆ ದಸರೆ ಬಂದರೂ ಪಂಚಮಿ ಬಂದರೂ ವಾಡೆಯ ಹೊರಗೋಡೆಯನ್ನು ಯಾರೂ ಮುಟ್ಟಲಿಲ್ಲ. ಮಗ ಮರೆತ ಮಾತನ್ನು ಓಣಿ ಮರೆತಿರಲಿಲ್ಲ.

ಸಂಜೆಯೊಳಗೆ ಕುಂಬಾರ ಬಂದು ಮದುವೆಯ ಐರಾಣಿ ಗಡಿಗೆ ಎಷ್ಟು ಬೇಕೆಂದು ಕೇಳಿದ. ಹಲಗೆ ಬಾರಿಸುವವ ಬಂದು, ಬೇರೆ ಯಾರಿಗೂ ವೀಳ್ಯ ಕೊಡಬೇಡಿರೆಂದ. ನನಗೆ ತಲೆ ಕೆಟ್ಟು ಹೋಯಿತು. ಅಕ್ಕನೇ ಎಲ್ಲರಿಗೂ ಖರೆ ಹೇಳಿ ಮುಗಿಸಲಿ ಅಂತ ಅವಳನ್ನು ಹುಡುಕಿದರೆ, ಅವಳು ಪೆಟ್ಟಿಗೆಯೊಳಗಿನ ಇಳಕಲ್ಲ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತು ನೀಲವ್ವ ಕೊಟ್ಟ ಅರಿಷಿಣ ಹಸನು ಮಾಡುತ್ತಿದ್ದಳು.

“ಅಕ್ಕಾ, ಮನಿ ಮಾರಾಕತ್ತೇವಿ ಅಂತ ನೀನರ ಹೇಳಬಾರದಾ?”

ಅವಳು ತಲೆ ಎತ್ತಲಿಲ್ಲ. “ಹೇಳೂದು ಇದ್ದದ್ದ ಐತಿ. ಇಷ್ಟ್ ವರ್ಷ ನನ್ನ ನೋಡಿ ‘ಪಾಪ’ ಅಂದಾವ್ರು ಇವತ್ತ ‘ಚಲೋ ಆತು’ ಅನ್ನಾಕತ್ತಾರ. ಸುಣ್ಣ ಆರೂತನಕರ ಅನ್ಲಿ ಬಿಡೋ, ತಮ್ಮಾ.”

ನಾನು ಹೋಗಿ ಮತ್ತೆ ನಿಚ್ಚಣಿಕೆ ಏರಿದೆ. ಗೋಡೆ ಆಗಲೇ ಬೆಳ್ಳಗಿತ್ತು, ಆದರೂ ಇನ್ನೊಂದು ಕೈ ಹಚ್ಚಿದೆ. ಮರುದಿನವೂ ಹಚ್ಚಿದೆ. ಬಾಳಪ್ಪ ಬಂದು, “ಸಾಕ್ ಮಾಡ್ರಿ ಮಾಸ್ತರ, ಸುಣ್ಣದ ಭಾರಕ್ಕ ಗ್ವಾಡಿ ಬಿದ್ದೀತು,” ಅಂದ. ಬಿಸಿಲು ಮಾತ್ರ ಯಾರ ಮಾತೂ ಕೇಳದೆ ಅದನ್ನು ಒಣಗಿಸಿಬಿಟ್ಟಿತು.

ಕಲ್ಲೋಳಿಯ ಬೆಲ್ಲದ ವ್ಯಾಪಾರಿ ಬಂದವನು ಓಣಿಯಲ್ಲಿ ನಿಂತೇ, ಎಲ್ಲರೂ ಕೇಳುವಂತೆ, “ಮನಿ ಪಸಂದ್ ಐತ್ರಿ, ತಗೊಂಡೆ,” ಅಂದ. ಕುಂಬಾರ ಮತ್ತೆ ಬರಲಿಲ್ಲ. ನೀಲವ್ವ ಅರಿಷಿಣ ವಾಪಸು ಕೇಳಲಿಲ್ಲ.

ಹೊರಡುವ ದಿನ ಅವಳೇ ನಾಲ್ಕು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. “ಮನಿ ಮಗಳು ಬರೇ ಉಡಿಲೇ ಹೊಂಡಬಾರ್ದವಾ,” ಅಂತ ಅಕ್ಕನನ್ನು ಹೊಸ್ತಿಲ ಮೇಲೆ ನಿಲ್ಲಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಹಾಕಿ ಉಡಿ ತುಂಬಿದಳು. ಎಲ್ಲರೂ ಅತ್ತರು. ಅಕ್ಕನನ್ನು ತವರಿನಿಂದ ಕಳಿಸಿಕೊಡುವ ತಮ್ಮನೂ ನಾನೇ, ಕರೆದುಕೊಂಡು ಹೋಗುವವನೂ ನಾನೇ. ಯಾವ ಕಡೆ ನಿಂತು ಅಳಬೇಕೋ ತಿಳಿಯದೆ ಟ್ರಂಕು ಹೊತ್ತು ಬಸ್ಸಿನ ಕಡೆ ನಡೆದೆ.

ಗೋಕಾಕದಲ್ಲಿ ನನ್ನ ಮನೆಯ ಮುಂದೆ ಅಕ್ಕ ಉಡಿ ಹಿಡಿದುಕೊಂಡೇ ನಿಂತಳು. ಹೊರಗೋಡೆ ಮೇಲಿನಿಂದ ಕೆಳಗಿನವರೆಗೆ ಸಿಪ್ಪೆ ಎದ್ದಿತ್ತು. ಬಾಗಿಲ ಬಾಜೂ ಇಟ್ಟಿಗೆ ಹಲ್ಲು ಕಿರಿದಿದ್ದವು. ಅವಳು ಅದನ್ನೆಲ್ಲ ಸಾವಕಾಶವಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

“ಯಾಕ ತಮ್ಮಾ, ಇದನ್ನ ಮಾರೂ ವಿಚಾರ ಇಲ್ಲೇನು?”

ಬಾಗಿಲಿಗೆ ಬಂದು ನಿಂತಿದ್ದ ನನ್ನ ಹೆಂಡತಿ ನಕ್ಕಳು. ಅಕ್ಕನೂ ನಕ್ಕಳು. ಎಂಥ ಪ್ರಶ್ನೆಗೂ ಉತ್ತರ ಹೇಳಿ ಪಗಾರ ತಗೊಳ್ಳುವ ನಾನು, ಟ್ರಂಕು ಭಾರ ಆಗಿದೆ ಅನ್ನುವ ನೆವದಲ್ಲಿ ತಲೆ ಬಗ್ಗಿಸಿ ಒಳಗೆ ಹೋದೆ.