ಚಂದ್ರನ ಕುಳಿಯೂ ನನ್ನಾಕೆಯ ಚೀಟಿಯೂ

ನನ್ನ ಹೆಂಡತಿ ಶಾಲೆಯಲ್ಲಿ ಟೀಚರು. ಮನೆಗೆ ಬಂದರೂ ಕೈಯಿಂದ ಕೆಂಪು ಪೆನ್ಸಿಲು ಇಳಿಯುವುದಿಲ್ಲ. ಸಾಮಾನಿನ ಪಟ್ಟಿ ಕೆಂಪು, ನನಗೆ ಬರೆಯುವ ಚೀಟಿ ಕೆಂಪು. (ಹೋದ ವರ್ಷ ನನ್ನ ಹುಟ್ಟುಹಬ್ಬದ ಶುಭಾಶಯವೂ ಕೆಂಪೇ. ಕೆಳಗೆ ಗೀಟೆಳೆದು ಸಹಿ ಬೇರೆ.)

ನನ್ನ ಚಟ ಚಂದ್ರ. ಬಾಲ್ಕನಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ, ಅದರಲ್ಲಿ ಕಂಡ ಕುಳಿಗಳ ಚಿತ್ರ ಬರೆಯುತ್ತೇನೆ. ಅದು ಬಂದಾಗಿನಿಂದ ಬಟ್ಟೆ ಒಣಗುವುದು ನಡುಮನೆಯಲ್ಲಿ. ಒದ್ದೆ ಟವೆಲ್ಲು ಮುಖಕ್ಕೆ ತಾಗಿದಾಗಲೆಲ್ಲ ನನ್ನಾಕೆ, "ಅಟ್ಟ ಖಾಲಿ ಇದೆ" ಅನ್ನುತ್ತಾಳೆ.

ನಮ್ಮ ಖಗೋಳ ಸಂಘದ ಪ್ರದರ್ಶನಕ್ಕೆ ನನ್ನ ಚಿತ್ರ ಮೂರು ಸಲ ತಿರಸ್ಕೃತವಾಗಿತ್ತು. ನಾಲ್ಕನೆಯದಕ್ಕೆ ಪ್ರಾಣವನ್ನೇ ಪಣಕ್ಕಿಟ್ಟೆ. ಸಂಘದ ನಿಯಮ ಕಟ್ಟುನಿಟ್ಟು: ಕಂಡದ್ದನ್ನಷ್ಟೇ ಬರೆಯಬೇಕು, ಆಮೇಲೆ ತಿದ್ದುವಂತಿಲ್ಲ, ಅಲ್ಲೇ ಕವರಿಗೆ ಹಾಕಿ ಅಂಟಿಸಬೇಕು. ಕಣ್ಣು ಕತ್ತಲೆಗೆ ಹೊಂದಿಕೊಂಡಿರಬೇಕು ಅಂತ ಕಾಗದ ನೋಡಲು ಮಂದ ಕೆಂಪು ಟಾರ್ಚು ಮಾತ್ರ.

ಗುರುವಾರ ಆಫೀಸಿನಿಂದ ಬರುವಷ್ಟರಲ್ಲಿ ಕತ್ತಲಾಗಿತ್ತು. ನನ್ನಾಕೆ ಇನ್ನೂ ಬಂದಿರಲಿಲ್ಲ. ಮನೆಯ ಒಂದು ದೀಪವನ್ನೂ ಹಾಕದೆ, ಫೋನ್ ಆಫ್ ಮಾಡಿ, ತಡವರಿಸುತ್ತಾ ಬಾಲ್ಕನಿ ಸೇರಿದೆ. ಚಿತ್ರ ಬರೆಯುವ ರಟ್ಟಿಗೆ ಹಾಳೆ ಬೆಳಿಗ್ಗೆಯೇ ಸಿಕ್ಕಿಸಿಟ್ಟಿದ್ದೆ. ಕೆಂಪು ಟಾರ್ಚು ಹಚ್ಚಿ ಶುರು ಮಾಡಿದೆ. ಕುಳಿಯ ಅಂಚು, ನಡುವಿನ ಶಿಖರ, ಅದರ ಉದ್ದ ನೆರಳು, ಒಂದೊಂದೂ ಮುತ್ತಿನ ಹಾಗೆ ಕೂತವು. ನಡುವೆ ಬಾಗಿಲ ಗಂಟೆ ಸದ್ದು ಮಾಡಿತು. ಸುಳ್ಳು ಹೇಳಲ್ಲ, ಕೇಳಿಸಿತು. ಆದರೆ ಚಂದ್ರನ ಮೇಲಿನ ನೆರಳು ನನಗೋಸ್ಕರ ಕಾಯುತ್ತದೆಯೇ?

ಚಂದ್ರನ ಬದಲು ಕಾದವರು ನನ್ನಾಕೆಯ ಅಕ್ಕ ಮತ್ತು ಭಾವ. ಮೆಟ್ಟಿಲ ಮೇಲೆ, ಒಂದೂವರೆ ಗಂಟೆ. ನಾನು ಚಿತ್ರ ಮುಗಿಸಿ ಕತ್ತಲಲ್ಲೇ ಕವರ್ ಅಂಟಿಸುವ ಹೊತ್ತಿಗೆ, ಮೀಟಿಂಗ್ ಮುಗಿಸಿ ಬಂದ ನನ್ನಾಕೆಯೇ ಅವರನ್ನು ಒಳಗೆ ಕರೆತಂದಳು.

"ಬಾಗಿಲು ತೆಗೀರಿ ಅಂತ ಬರೆದಿಟ್ಟಿದ್ನಲ್ಲ."

"ಎಲ್ಲಿ?"

"ನಿಮ್ಮ ರಟ್ಟಿನ ಹಾಳೆ ಮೇಲೆ. ಈ ಮನೇಲಿ ನೀವು ಕಣ್ಣಿಟ್ಟು ನೋಡೋದು ಅದೊಂದನ್ನೇ."

"ಎರಡು ಗಂಟೆ ಆ ಹಾಳೆಗೆ ಮೂಗು ತಾಗಿಸ್ಕೊಂಡು ಕೂತಿದ್ದೀನಿ ಕಣೇ. ಖಾಲಿ ಇತ್ತು."

"ಕವರ್ ಒಡೀರಿ, ನೋಡೇಬಿಡೋಣ."

"ಒಡೆದ್ರೆ ಪ್ರದರ್ಶನಕ್ಕೆ ತಗೊಳಲ್ಲ."

"ಅನುಕೂಲವಾಯ್ತು ಬಿಡಿ" ಅಂದರು ಭಾವ, ಸೊಂಟ ನೀವಿಕೊಳ್ಳುತ್ತಾ.

ನನಗೆ ರೇಗಿತು. ಮೂವರ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ. "ಅದರ ಮೇಲೆ ಒಂದೇ ಒಂದು ಅಕ್ಷರ ಇದ್ರೂ ಟೆಲಿಸ್ಕೋಪನ್ನ ನನ್ನ ಕೈಯಾರೆ ಅಟ್ಟಕ್ಕೆ ಹಾಕ್ತೀನಿ. ಇಲ್ಲದಿದ್ರೆ ನೀನು ಇವರೆದುರಿಗೇ ತಪ್ಪಾಯ್ತು ಅನ್ನಬೇಕು."

"ಆಗಲಿ" ಅಂದಳು. ಆ ನೆಮ್ಮದಿ ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಭಾನುವಾರ ಸಂಘದ ಕಾರ್ಯದರ್ಶಿಗಳು, ನನ್ನ ಜೊತೆ ಬಂದಿದ್ದ ಆ ಮೂವರೂ ಸೇರಿ ಎಲ್ಲರೆದುರು ಕವರ್ ಒಡೆದರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಕುಳಿ ಅಂದರೆ ಅವರಿಗೆ ಗೌರವ. ಹಾಳೆ ಬಿಡಿಸಿ ಕಿಟಕಿಯ ಬಿಸಿಲಿಗೆ ಹಿಡಿದರು. ನನ್ನ ಕುಳಿ ಅದ್ಭುತವಾಗಿತ್ತು. ಅದರ ಈ ದಂಡೆಯಿಂದ ಆ ದಂಡೆಗೆ, ಶಿಖರವನ್ನೂ ಲೆಕ್ಕಿಸದೆ, ದಪ್ಪ ಕೆಂಪು ಅಕ್ಷರ: 'ಏಳಕ್ಕೆ ಅಕ್ಕ ಭಾವ ಬರ್ತಾರೆ. ಬಾಗಿಲು ತೆಗೀರಿ. ಹಾಲು ತನ್ನಿ. ಮರೀಬೇಡಿ.' 'ಮರೀಬೇಡಿ'ಗೆ ಎರಡು ಗೀಟು.

ಭಾವ ಅದನ್ನು ಗಟ್ಟಿಯಾಗಿ ಓದಿದರು. ಎರಡು ಸಲ.

"ಕೆಂಪು ಬೆಳಕಲ್ಲಿ ಕೆಂಪು ಪೆನ್ಸಿಲು ಬಿಳಿ ಹಾಳೆ ಮೇಲೆ ಕಾಣೋದೇ ಇಲ್ಲ, ಹೊಸಬರಿಗೂ ಗೊತ್ತಿರೋ ವಿಷಯ" ಅಂದರು ಡಾಕ್ಟರು. "ಆದ್ರೆ ಇವರು ನಿಯಮ ಮುರಿದಿಲ್ಲ. ಕಂಡದ್ದನ್ನಷ್ಟೇ ಬರೆದಿದ್ದಾರೆ. ಚಿತ್ರ ಆಯ್ಕೆಯಾಗಿದೆ."

ನಾಲ್ಕನೇ ಸಲಕ್ಕೆ ಗೆದ್ದೆ. ಗೆದ್ದವನು ಸಂಜೆ ಸ್ಟೂಲು ಹತ್ತಿ ಟೆಲಿಸ್ಕೋಪನ್ನು ಅಟ್ಟಕ್ಕೇರಿಸಿದ. ಭಾವ ಸ್ಟೂಲು ಹಿಡಿದುಕೊಂಡಿದ್ದರು.

ಪ್ರದರ್ಶನದಲ್ಲಿ ಹೆಚ್ಚು ಜನ ನಿಂತದ್ದು ನನ್ನ ಚಿತ್ರದ ಮುಂದೆಯೇ. ಹೆಮ್ಮೆಯಿಂದ ಹತ್ತಿರ ಹೋಗಿ ನೋಡಿದೆ. ತೂಗುಹಾಕುವ ಮುಂಚೆ ನನ್ನಾಕೆ ಅಭ್ಯಾಸಬಲದಿಂದ ಮೂಲೆಯಲ್ಲಿ ಷರಾ ಬರೆದು, ಸಹಿ ಹಾಕಿದ್ದಳು. ಹಾಲ್‌ನ ಬೆಳ್ಳನೆ ಬೆಳಕಿನಲ್ಲಿ ಅದು ನನಗೂ ಚೆನ್ನಾಗಿಯೇ ಕಂಡಿತು.

'ಚಿತ್ರ ಉತ್ತಮ. ಓದುವುದು ಸುಧಾರಿಸಬೇಕು.'